ಉದ್ರಿಯ ಅರ್ಜಿಯೂ ಆರೈಕೆಯ ಕಾಯಕವೂ

'ಉದ್ರಿ' ಎಂಬುದು ನಮ್ಮ ಗಡಿಸೀಮೆಯ ಮನೆಮನೆಗೂ ಪರಿಚಿತವಾದ ಮಾತು. ಮರಾಠಿಯ 'ಉಧಾರಿ'ಗೂ ಹಿಂದಿಯ 'ಉಧಾರ್'ಗೂ ಇದು ಒಡಹುಟ್ಟು. ಇವುಗಳ ಮೂಲವನ್ನು ಭಾಷಾಪಂಡಿತರು ಸಂಸ್ಕೃತದ 'ಉದ್ಧಾರ' ಶಬ್ದದಲ್ಲಿ ಕಾಣುತ್ತಾರೆ. ಉದ್ಧಾರವೆಂದರೆ ಮೇಲಕ್ಕೆತ್ತುವುದು, ಬಡ್ಡಿಯಿಲ್ಲದ ಸಾಲವೆಂಬ ಅರ್ಥವೂ ಆ ಶಬ್ದಕ್ಕೆ ಕೋಶಗಳಲ್ಲಿ ಉಂಟು. ಬಿದ್ದವನನ್ನು ಎತ್ತುವ ಕೈಗೂ, ಕೊಟ್ಟು ಕಾಯುವ ಅಂಗಡಿಕಾರನ ತಾಳ್ಮೆಗೂ ಹಿರಿಯರು ಒಂದೇ ಹೆಸರನ್ನಿಟ್ಟರೆಂಬುದು ಚಿಂತನೀಯವಾದ ಸಂಗತಿ. ಹಾಗೆಂದು ಅವರು ಉದ್ರಿಯ ಅಪಾಯವನ್ನು ಅರಿಯದವರಲ್ಲ. 'ಇಂದು ನಗದು, ನಾಳೆ ಉದ್ರಿ' ಎಂಬ ಹಲಗೆಯನ್ನು ಅಂಗಡಿಯ ಗೋಡೆಗೆ ತೂಗುಹಾಕಿದವರೂ ಅವರೇ. ಅದರ ಕೆಳಗೆ ಕುಳಿತು ನೆರೆಮನೆಯ ಕೂಸಿಗೆ ಬೆಲ್ಲವನ್ನು ಉದ್ರಿ ಕಟ್ಟಿಕೊಟ್ಟವರೂ ಅವರೇ.

ಈಗ ಕಾಲ ಬದಲಾಗಿದೆ. ಉದ್ರಿಯು ಅಂಗಡಿಕಾರನ ಪುಸ್ತಕದಿಂದ ಎದ್ದು ಹಣಕಾಸು ಕಂಪನಿಯ ಗಣಕಯಂತ್ರವನ್ನು ಸೇರಿದೆ. ಅದಕ್ಕೆ ಅರ್ಜಿ, ಆಧಾರ, ಪ್ಯಾನ್, ಅಂಕ, ಕಂತು ಎಂಬ ಅಂಗಾಂಗಗಳು ಬೆಳೆದಿವೆ. ಈ ಬದಲಾವಣೆಯಲ್ಲಿ ಒಂದು ವರ್ಗದವರು ಬಾಗಿಲ ಹೊರಗೆ ಉಳಿದಿದ್ದಾರೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನೂ ಅಂಗವಿಕಲ ಮಕ್ಕಳನ್ನೂ ಹಗಲಿರುಳು ನೋಡಿಕೊಳ್ಳುತ್ತ, ಸರ್ಕಾರದ ಮಾಸಾಶನಗಳಿಂದಲೇ ಜೀವನ ಸಾಗಿಸುವ ತಾಯಂದಿರು ಆ ವರ್ಗದವರು. ಅವರು ಅಂಗಡಿಯಲ್ಲಿ ಕಂತಿನ ಮೇಲೆ ಒಂದು ಸಾಮಾನು ಕೇಳಿದರೆ ಏನಾಗುತ್ತದೆ, ಏನಾಗಬೇಕು, ಕೇಳುವ ಮುನ್ನ ಅವರು ಏನನ್ನು ತಿಳಿದಿರಬೇಕು ಎಂಬುದನ್ನು ಈ ಲೇಖನದಲ್ಲಿ ಓದುಗರ ಮುಂದಿಡಲು ಬಯಸುತ್ತೇವೆ.

ಊರ ಉದ್ರಿಯ ಲೆಕ್ಕ

ಬೆಳಗಾವಿ ಜಿಲ್ಲೆಯಲ್ಲಿ ನಾಗನೂರ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚು. ನಾವು ಹೇಳುತ್ತಿರುವುದು ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ನಾಗನೂರನ್ನು. ಘಟಪ್ರಭೆಯ ನೀರು, ಕಪ್ಪು ಮಣ್ಣು, ಕಬ್ಬು ಇವು ಈ ಸೀಮೆಯ ಬದುಕಿನ ಆಧಾರ. ಇಲ್ಲಿಯ ಕಿರಾಣಿ ಅಂಗಡಿಯ ಉದ್ರಿಗೆ ತನ್ನದೇ ಆದ ಪಂಚಾಂಗವಿದೆ. ಕಬ್ಬಿನ ಬಿಲ್ಲು ಬಂದಾಗ ಲೆಕ್ಕ ಚುಕ್ತಾ. ಬಿಲ್ಲು ತಡವಾದರೆ ಲೆಕ್ಕವೂ ತಡ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ, ರೈತನು ಕಾಯಬೇಕಾದ ಪ್ರಸಂಗಗಳು ಅನೇಕ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕುಳಿತು ಹೋರಾಡಿ, ಟನ್ನಿಗೆ 3,300 ರೂಪಾಯಿ ದರವನ್ನು ಪಡೆದದ್ದು ಓದುಗರ ನೆನಪಿನಲ್ಲಿರಬಹುದು. ಅಂಥ ದಿನಗಳಲ್ಲಿ ರೈತನ ಮನೆಯ ಉದ್ರಿಯನ್ನು ಊರೇ ತಾಳಿಕೊಳ್ಳುತ್ತದೆ. ಹೊಲ ಕಣ್ಣಿಗೆ ಕಾಣುತ್ತದೆ, ಕಬ್ಬು ಕಣ್ಣಿಗೆ ಕಾಣುತ್ತದೆ. ಆದ್ದರಿಂದ ನಂಬಿಕೆಯೂ ಉಂಟಾಗುತ್ತದೆ.

ಆದರೆ ರೋಗಿಯ ಮಗ್ಗುಲು ಬದಲಿಸುವವಳ ದುಡಿಮೆ ಯಾರ ಕಣ್ಣಿಗೆ ಕಾಣಬೇಕು? ಅವಳ ಹೊಲ ಮನೆಯ ಒಳಕೋಣೆಯಲ್ಲಿದೆ. ಅದಕ್ಕೆ ಬಿಲ್ಲೂ ಇಲ್ಲ, ದರವೂ ಇಲ್ಲ.

ಅರ್ಜಿಯ ಒಂದು ಸಾಲು

ಈ ವಿಷಯ ನಮ್ಮ ಮನಸ್ಸಿನಲ್ಲಿ ಬೇರೂರಿದ್ದು ನಾಗನೂರಿನ ಒಬ್ಬ ತಾಯಿಯಿಂದ. ವಯಸ್ಸು ನಲವತ್ತರ ಮೇಲೆ. ಪತಿ ತೀರಿಕೊಂಡು ವರ್ಷಗಳಾಗಿವೆ. ಹುಟ್ಟಿನಿಂದಲೇ ಮಿದುಳಿನ ಪಾರ್ಶ್ವವಾಯುವಿಗೆ ಈಡಾದ ಮಗನಿಗೆ ಈಗ ಹತ್ತೊಂಬತ್ತು ವರ್ಷ. ಉಣಿಸುವುದು, ಮೀಯಿಸುವುದು, ಎತ್ತಿ ಕೂಡಿಸುವುದು ಎಲ್ಲವೂ ತಾಯಿಯ ಕೈಯಿಂದಲೇ. ಜೊತೆಗೆ ಎಪ್ಪತ್ತು ದಾಟಿದ ಅತ್ತೆ. ಆಕೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಬೇಕು. ಬೇಸಿಗೆಯಲ್ಲಿ ಔಷಧ ಕೆಡಬಾರದೆಂದು ವೈದ್ಯರು ಫ್ರಿಜ್ಜಿನಲ್ಲಿಡಲು ಹೇಳಿದರು. ಓಣಿಯವರ ಮನೆಯಲ್ಲಿ ಎಷ್ಟು ದಿನವೆಂದು ಇಡುವುದು? ಒಂದು ಚಿಕ್ಕ ಫ್ರಿಜ್ಜನ್ನು ಕಂತಿನ ಮೇಲೆ ಕೊಳ್ಳಬೇಕೆಂದು ಆಕೆ ಪೇಟೆಯ ಒಂದು ಅಂಗಡಿಗೆ ಹೋದಳು. ಅಲ್ಲಿ ಕುಳಿತಿದ್ದ ಹಣಕಾಸು ಕಂಪನಿಯ ಹುಡುಗ ಒಳ್ಳೆಯ ಮಾತಿನಿಂದಲೇ ಅರ್ಜಿ ತುಂಬತೊಡಗಿದ. ನಡೆದದ್ದನ್ನು ಆಕೆ ನಮ್ಮೆದುರು ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇವೆ.

"ಉದ್ಯೋಗ ಏನಂತ ಬರೀಲಿ, ಅಕ್ಕಾರ?" ಎಂದನಂತೆ ಹುಡುಗ.

"ಮಗನ್ನ, ಅತ್ತೀನ ನೋಡ್ಕೊಳ್ಳೂದಪಾ."

"ಅದು ಉದ್ಯೋಗ ಆಗೂದಿಲ್ರಿ ಅಕ್ಕಾರ. ಹೊಲಿಗಿ ಕೆಲಸ, ತಿಂಗಳಿಗೆ ಹದಿನೈದ ಸಾವಿರ ಅಂತ ಹಾಕೂನೇನು? ಲಗೂನ ಪಾಸ್ ಆಗತೈತಿ."

ಆಕೆ ಒಪ್ಪಲಿಲ್ಲ. ಇದ್ದದ್ದನ್ನೇ ಬರೆಸಿದಳು: ಗೃಹಲಕ್ಷ್ಮಿಯ 2,000, ವಿಧವಾ ವೇತನದ 800, ಮಗನ ಅಂಗವಿಕಲ ಮಾಸಾಶನ 1,400, ಅತ್ತೆಯ ಸಂಧ್ಯಾ ಸುರಕ್ಷಾ 1,200, ಒಟ್ಟು 5,400 ರೂಪಾಯಿ. ಕೆಲವೇ ನಿಮಿಷಗಳಲ್ಲಿ ಯಂತ್ರ ಉತ್ತರ ಕೊಟ್ಟಿತು: ಆಗದು. ಆಕೆಗೆ ಹಿಂದೆ ಸಾಲವೇ ಇರಲಿಲ್ಲವಾದ್ದರಿಂದ ಅಂಕವೂ ಇರಲಿಲ್ಲ. ಮಠಕ್ಕೆ ಬಂದವಳು ನಮ್ಮನ್ನು ಕೇಳಿದಳು: "ಅಜ್ಜಾರ, ಸುಳ್ಳ ಬರಸಿದ್ರ ಕೊಡ್ತಿದ್ರು, ಖರೇ ಬರಸಿದ್ದಕ್ಕ ಒಲ್ಲೆ ಅಂದ್ರು. ಹಗಲು ರಾತ್ರಿ ನಾ ಮಾಡೂದು ಕೆಲಸ ಅಲ್ಲೇನ್ರಿ?"

"ಕೆಲಸ ಹೌದವಾ ತಂಗೀ. ಅದನ್ನ ಬರಿಯೂ ಜಾಗಾನ ಆ ಕಾಗದದಾಗ ಇಲ್ಲ" ಎಂದೆವು. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲವೆನಿಸಿತು. ಬಲ್ಲವರನ್ನು ಕೇಳಿದೆವು, ನಿಯಮಗಳನ್ನು ಓದಿಸಿದೆವು. ತಿಳಿದುಬಂದದ್ದು ಆಕೆಯೊಬ್ಬಳಿಗೆ ಮಾತ್ರ ಸಂಬಂಧಿಸಿದುದಲ್ಲ.

ಇದು ಕಾಯಕವಲ್ಲವೇ?

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಮೇಲುಕೀಳುಗಳಿಂದ ಬಿಡಿಸಿ ಕಾಯಕವೆಂದು ಕರೆದರು. ಕಸ ಗುಡಿಸುವುದೂ ಕಾಯಕ, ದೋಣಿ ನಡೆಸುವುದೂ ಕಾಯಕ, ನೂಲುವುದೂ ಕಾಯಕ. ಅಸಹಾಯಕವಾದ ಒಂದು ಜೀವವನ್ನು ಜೋಪಾನ ಮಾಡುವುದು ಮಾತ್ರ ಕಾಯಕವಲ್ಲವೆಂದು ಹೇಳುವ ಧೈರ್ಯ ಯಾರಿಗುಂಟು? ಆದರೂ ನಮ್ಮ ಮನೆಗಳಲ್ಲಿಯೇ, 'ನಿಮ್ಮ ಸೊಸೆ ಏನು ಮಾಡುತ್ತಾಳೆ?' ಎಂದರೆ 'ಏನೂ ಇಲ್ಲ, ಮನೆಯಲ್ಲಿಯೇ ಇರುತ್ತಾಳೆ' ಎನ್ನುತ್ತೇವೆ. ಹಣಕಾಸು ಕಂಪನಿಯ ಅರ್ಜಿ ನಮ್ಮ ಈ ಮಾತನ್ನೇ ಅಚ್ಚುಹಾಕಿದೆ, ಅಷ್ಟೆ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದು, ಅದಕ್ಕಾಗಿ ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಾರೆ. ಅದೇ ವಯಸ್ಸಿನ ಪುರುಷರಲ್ಲಿ ತೊಡಗಿದವರು ಶೇಕಡ 21.4, ಕೊಡುವ ಸಮಯ 74 ನಿಮಿಷ. ಇದು ಸರಾಸರಿಯ ಮಾತು. ಮಿದುಳಿನ ಪಾರ್ಶ್ವವಾಯುವಿನ ಮಗನಿರುವ ಮನೆಯಲ್ಲಿ ನಿಮಿಷಗಳನ್ನು ಎಣಿಸುವವರಾರು?

ದೂರದ ದೇಶಗಳಲ್ಲಿಯೂ ಈ ಸೇವೆಗೆ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ಬ್ರಿಟನ್ನಿನಲ್ಲಿ ಆರೈಕೆದಾರರಿಗೆ ಭತ್ಯೆ ಕೊಡುವ ಪದ್ಧತಿ 1976ರಲ್ಲಿ ಆರಂಭವಾಯಿತು. ಆದರೆ ವಿವಾಹಿತ ಸ್ತ್ರೀಯರಿಗೆ ಅದು ಇರಲಿಲ್ಲ. ಅವರು ಹೇಗೂ ಮನೆಯಲ್ಲಿಯೇ ಇರುವವರೆಂಬುದು ಅಂದಿನವರ ತರ್ಕ. ತನ್ನ ತಾಯಿಯ ಆರೈಕೆಗಾಗಿ ಕೆಲಸ ಬಿಟ್ಟಿದ್ದ ಜಾಕಿ ಡ್ರೇಕ್ ಎಂಬ ಗೃಹಿಣಿ ಇದನ್ನು ಪ್ರಶ್ನಿಸಿದಳು. ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ಆಕೆಯ ಪರವಾಗಿ ತೀರ್ಮಾನವಾಯಿತು. ವಾರಕ್ಕೆ 35 ಗಂಟೆಗಳಾದರೂ ಆರೈಕೆ ಮಾಡುವವರಿಗೆ ಅಲ್ಲಿ 2025-26ರಲ್ಲಿ ಕೊಟ್ಟ ಭತ್ಯೆ ವಾರಕ್ಕೆ 83.30 ಪೌಂಡ್.

ನಮ್ಮ ದೇಶದಲ್ಲಿಯೂ ಬೀಜ ಬಿದ್ದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 24ನೆಯ ಕಲಮು, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಹೆಸರಿಸಿ ಹೇಳುತ್ತದೆ. ಕರ್ನಾಟಕ ಸರ್ಕಾರವು 2024-25ರ ಆಯವ್ಯಯದಲ್ಲಿ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನವನ್ನು ಘೋಷಿಸಿತು. ನಾಗನೂರಿನ ಆ ತಾಯಿಗೆ ಇದರ ಸುದ್ದಿಯೇ ತಲುಪಿರಲಿಲ್ಲ! ಓದುಗರ ಓಣಿಯಲ್ಲಿ ಇಂಥವರಿದ್ದರೆ ಮೊದಲು ಈ ಮಾತನ್ನು ಅವರ ಕಿವಿಗೆ ಹಾಕಬೇಕು. ಗ್ರಾಮ ಪಂಚಾಯತಿಗಳಲ್ಲಿಯೂ ಪಟ್ಟಣಗಳಲ್ಲಿಯೂ ವಿಕಲಚೇತನರಿಗಾಗಿ ನೇಮಕಗೊಂಡ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಅರ್ಜಿ ಸಲ್ಲಿಸಲು ನೆರವಾಗುವುದು ಅವರ ಕೆಲಸ. ಸಾಲ ಕೇಳುವ ಮುನ್ನ, ತನಗೆ ನ್ಯಾಯವಾಗಿ ಬರಬೇಕಾದುದನ್ನು ಕೇಳಿ ಪಡೆಯುವುದು ಮೇಲು.

'ಬಡ್ಡಿ ಇಲ್ಲ' ಎಂಬ ಮಾತಿನ ಒಳಗುಟ್ಟು

ಅಂಗಡಿಗಳ ಮುಂದೆ 'ಶೂನ್ಯ ಬಡ್ಡಿ' ಎಂಬ ಬರಹಗಳನ್ನು ಕಾಣುತ್ತೇವೆ. ಹಣವನ್ನು ಬಡ್ಡಿಯಿಲ್ಲದೆ ಕೊಡುವ ಕಂಪನಿ ಲೋಕದಲ್ಲಿ ಇದೆಯೇ? ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಬಡ್ಡಿಯು ಬೇರೆ ವೇಷದಲ್ಲಿ ಬರುತ್ತದೆ: ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ, ಕಾಗದಪತ್ರಗಳ ಶುಲ್ಕವೆಂದು ಬೇರೆ ಹಣ ಹಿಡಿಯುತ್ತಾರೆ.

ತಿಳಿವಳಿಕೆಗಾಗಿ ಒಂದು ಲೆಕ್ಕ ಹಾಕೋಣ. ಒಂದು ಫ್ರಿಜ್ಜಿನ ಬೆಲೆ 15,000 ರೂಪಾಯಿ. ನಗದು ಕೊಟ್ಟರೆ 1,200 ಬಿಟ್ಟು 13,800ಕ್ಕೆ ಕೊಡುತ್ತಾರೆನ್ನಿ. ಕಂತಿನಲ್ಲಿ ಕೊಂಡರೆ 1,500ರಂತೆ ಹತ್ತು ಕಂತು, 'ಬಡ್ಡಿ ಇಲ್ಲ'. ಎರಡು ಕಂತನ್ನು ಮೊದಲೇ ಕಟ್ಟಬೇಕು, ಶುಲ್ಕ 600 ಬೇರೆ. ಅಂದರೆ ಮೊದಲ ದಿನವೇ 3,600 ಕೈಬಿಟ್ಟಿತು. 13,800ರ ಸಾಮಾನಿಗೆ 3,600 ಕೊಟ್ಟ ಮೇಲೆ ನಿಜವಾಗಿ ಪಡೆದ ಸಾಲ 10,200 ಮಾತ್ರ. ಅದಕ್ಕಾಗಿ ಎಂಟು ತಿಂಗಳಲ್ಲಿ ಹಿಂದಿರುಗಿಸುವುದು 12,000. ಹೆಚ್ಚಿಗೆ ಕೊಟ್ಟದ್ದು 1,800. ತಿಂಗಳು ತಿಂಗಳು ಅಸಲು ಕರಗುತ್ತ ಹೋಗುವುದರಿಂದ, ಈ 1,800ನ್ನು ವರ್ಷದ ಬಡ್ಡಿಯ ಲೆಕ್ಕಕ್ಕೆ ತಂದರೆ ಶೇಕಡ 40ನ್ನೂ ಮೀರುತ್ತದೆ. ಬಡ್ಡಿಯಿಲ್ಲದ ಸಾಲದ ಬಡ್ಡಿ ಇದು! ಎಲ್ಲ ಅಂಗಡಿಗಳ ಲೆಕ್ಕವೂ ಹೀಗೆಯೇ ಇರುತ್ತದೆಂದು ನಾವು ಹೇಳುವುದಿಲ್ಲ. ಕೆಲವೊಮ್ಮೆ ತಯಾರಿಕಾ ಕಂಪನಿಯೇ ಬಡ್ಡಿಯ ಭಾರವನ್ನು ಹೊರುವುದೂ ಉಂಟು. ಆದ್ದರಿಂದ 'ನಗದು ಕೊಟ್ಟರೆ ಎಷ್ಟು?' ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಆ ಉತ್ತರವಿಲ್ಲದೆ ಕಂತಿನ ಲೆಕ್ಕ ತಿಳಿಯುವುದಿಲ್ಲ.

ಹಣ ಬರುವ ದಿನ, ಕಂತು ಹೋಗುವ ದಿನ

ಮಾಸಾಶನದ ಮೇಲೆ ಬದುಕುವವರಿಗೆ ಇನ್ನೊಂದು ತೊಡಕಿದೆ. ಅದು ಬಡ್ಡಿಗಿಂತಲೂ ಸೂಕ್ಷ್ಮವಾದದ್ದು. ಕಂತಿನ ದಿನ ನಿಶ್ಚಿತ. ಹಣ ಬರುವ ದಿನ ಅನಿಶ್ಚಿತ. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಗೊಂಡಾಗಿನಿಂದ ಅಸಂಖ್ಯ ಮನೆಗಳಿಗೆ ಆಸರೆಯಾಗಿದೆ. ಆ ಹಣವನ್ನು ಕೂಡಿಟ್ಟು ಫ್ರಿಜ್ ಕೊಂಡವರ, ಕೊಳವೆಬಾವಿ ಕೊರೆಸಿದವರ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಸಂತೋಷದಿಂದ ಓದಿದ್ದೇವೆ. ಆದರೆ ಕೆಲವು ತಿಂಗಳು ಬಾರದೆ ಬಳಿಕ ಒಟ್ಟಿಗೆ ಬಂದ ಪ್ರಸಂಗಗಳೂ ಇವೆ. ಕೂಡಿಟ್ಟು ಕೊಳ್ಳುವವರಿಗೆ ಇದರಿಂದ ಬಾಧೆಯಿಲ್ಲ. ಕಂತು ಕಟ್ಟುವವರಿಗೆ ಮಾತ್ರ ಸಂಕಟ. ಖಾತೆಯಲ್ಲಿ ಹಣವಿಲ್ಲದ ದಿನ ಕಂತಿನ ಆದೇಶ ಬಂದರೆ ಅದು ಹಿಂದಿರುಗುತ್ತದೆ. ಕಂಪನಿಯೂ ದಂಡ ಹಾಕುತ್ತದೆ, ಬ್ಯಾಂಕೂ ಶುಲ್ಕ ಮುರಿದುಕೊಳ್ಳುತ್ತದೆ. ಮುಂದೆ ಬಂದ ಮಾಸಾಶನದಲ್ಲಿ ಮೊದಲು ಕರಗುವುದು ಆ ದಂಡವೇ. ಸಾಲದ ಚರಿತ್ರೆಯಲ್ಲಿ ಕಪ್ಪು ಚುಕ್ಕೆಯೂ ಬೀಳುತ್ತದೆ. ಕಬ್ಬಿನ ಬಿಲ್ಲು ತಡವಾದರೆ ಕಾಯುವ ಕಿರಾಣಿ ಅಂಗಡಿಕಾರನಿಗೆ ಕಣ್ಣುಗಳಿವೆ, ಯಂತ್ರಕ್ಕೆ ಅವಿಲ್ಲ.

ಇನ್ನೊಂದು ಧರ್ಮಸೂಕ್ಷ್ಮವನ್ನೂ ಗಮನಿಸಬೇಕು. ಮೇಲಿನ ಮನೆಯ 5,400 ರೂಪಾಯಿಗಳಲ್ಲಿ ಆ ತಾಯಿಯ ಹೆಸರಿನದು 2,800 ಮಾತ್ರ. 1,400 ಮಗನ ಪಾಲು, 1,200 ಅತ್ತೆಯ ಪಾಲು. ಮನೆಯೆಂಬುದು ಒಂದೇ ಒಲೆಯಾದ್ದರಿಂದ ಒಟ್ಟಿಗೆ ಖರ್ಚಾಗುವುದು ಸಹಜ. ಅತ್ತೆಯ ಔಷಧಕ್ಕಾಗಿ ಕೊಳ್ಳುವ ಫ್ರಿಜ್ಜಿಗೆ ಅತ್ತೆಯ ಹಣ ಸೇರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ವೃದ್ಧರ, ಅಂಗವಿಕಲರ ಮಾಸಾಶನವನ್ನು ಮನೆಯ ಗಂಡಸರ ಮೋಟಾರ್ ಸೈಕಲ್ಲಿನ ಕಂತಿಗೆ ತಿರುಗಿಸುವ ಮನೆಗಳನ್ನೂ ನಾವು ಬಲ್ಲೆವು. ಅದು ಆರೈಕೆಯಲ್ಲ, ಅಪಹರಣ.

ಅರ್ಜಿಗೆ ಸಹಿ ಹಾಕುವ ಮುನ್ನ

ಇಷ್ಟೆಲ್ಲವನ್ನು ಅಳೆದು ನೋಡಿಯೂ ಸಾಲ ಬೇಕೇ ಬೇಕೆನ್ನುವವರು ಈ ಮುಂದಿನ ಸಂಗತಿಗಳನ್ನು ತಿಳಿದಿರಬೇಕು.

ಮೊದಲನೆಯದು, ಸತ್ಯವನ್ನೇ ಬರೆಸಬೇಕು. ಇಲ್ಲದ ಉದ್ಯೋಗವನ್ನು ಬರೆಸಿದರೆ ಸಹಿ ಹಾಕಿದವರೇ ಹೊಣೆಗಾರರು. ಬರೆಯಲು ಹೇಳಿಕೊಟ್ಟವರು ಆಗ ಎದುರಿಗೆ ಇರುವುದಿಲ್ಲ. ಮಾಸಾಶನವನ್ನು ಆದಾಯವೆಂದು ಬರೆಸಲು ನಾಚಬೇಕಾಗಿಲ್ಲ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಗಳಿಗೆ ಅಡಮಾನವಿಲ್ಲದೆ ಕೊಡುವ ಸಾಲಗಳನ್ನು ಕುರಿತು ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಹೊರಡಿಸಿದ ನಿರ್ದೇಶನವು, ಕುಟುಂಬದ ಆದಾಯದ ಮೂಲಗಳಲ್ಲಿ ಪಿಂಚಣಿಯನ್ನೂ ಸರ್ಕಾರದಿಂದ ಬರುವ ಹಣವನ್ನೂ ಹೆಸರಿಸಿದೆ. ಅದೇ ನಿರ್ದೇಶನದಂತೆ, ಇರುವ ಎಲ್ಲ ಸಾಲಗಳ ಕಂತುಗಳೂ ಸೇರಿ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರಕೂಡದು. ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡ ಹಾಕಕೂಡದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುನ್ನ, ಸಂಜೆ 6ರ ನಂತರ ಬರಕೂಡದು.

ಎರಡನೆಯದು, 'ಮುಖ್ಯಾಂಶಗಳ ಹೇಳಿಕೆ' ಎಂಬ ಕಾಗದವನ್ನು ಕೇಳಿ ಪಡೆಯಬೇಕು. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಕಂತಿನ ಚಿಲ್ಲರೆ ಸಾಲಗಳಿಗೆಲ್ಲ ಇದನ್ನು ಕೊಡಲೇಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಅದಿರಬೇಕು. ನಮ್ಮವರು ಕನ್ನಡದಲ್ಲಿ ಕೇಳುವುದು ಹಕ್ಕೇ ಹೊರತು ಬೇಡಿಕೆಯಲ್ಲ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಮುಂದೆ ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲಕ್ಕೆ ಆ ಕಾಗದದ ಮಾತು ಕನಿಷ್ಠ ಮೂರು ಕೆಲಸದ ದಿನ ಊರ್ಜಿತವಾಗಿರಬೇಕು. ಆದ್ದರಿಂದ 'ಇವತ್ತೇ ಸಹಿ ಹಾಕಿರಿ' ಎಂಬ ಅವಸರಕ್ಕೆ ಒಳಗಾಗದೆ, ಮನೆಗೆ ತಂದು ಓದಬಲ್ಲವರಿಂದ ಓದಿಸಿ ನಿಶ್ಚಯಿಸಬಹುದು.

ಮೂರನೆಯದು, ಅಂಕದ ಮಾತು. ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳು ನಮ್ಮ ಸಾಲದ ಚರಿತ್ರೆಯನ್ನು ಬರೆದಿಡುತ್ತವೆ; ಅಂಕ 300ರಿಂದ 900ರವರೆಗೆ. ತನ್ನ ಚರಿತ್ರೆಯ ಪೂರ್ಣ ವರದಿಯನ್ನು ಪ್ರತಿಯೊಂದು ಸಂಸ್ಥೆಯಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯುವ ಅವಕಾಶ 2017ರಿಂದ ಇದೆ. ಸಾಲವನ್ನೇ ಮಾಡದವರಿಗೆ ಚರಿತ್ರೆ ಇಲ್ಲದಿರುವುದು ದೋಷವಲ್ಲ. ಮೊದಲ ಬಾರಿಗೆ ಕೇಳುವವರ ಅರ್ಜಿಯನ್ನು ಚರಿತ್ರೆಯಿಲ್ಲವೆಂಬ ಒಂದೇ ಕಾರಣದಿಂದ ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕು ತಿಳಿಸಿರುವುದನ್ನು ಕೇಂದ್ರ ಸರ್ಕಾರ 2025ರಲ್ಲಿ ಲೋಕಸಭೆಯಲ್ಲಿ ಸ್ಪಷ್ಟಪಡಿಸಿತು. ಆದರೂ ಸಾಲ ಕೊಡುವುದೂ ಬಿಡುವುದೂ ಕೊಡುವವರ ವಿವೇಚನೆ. ಒಂದು ಕಡೆ ನಿರಾಕರಿಸಿದರೆಂದು ಅದೇ ದಿನ ನಾಲ್ಕು ಕಡೆ ಅರ್ಜಿ ಹಾಕಬಾರದು. ಪ್ರತಿ ವಿಚಾರಣೆಯೂ ಚರಿತ್ರೆಯಲ್ಲಿ ದಾಖಲಾಗುತ್ತದೆ.

ನಾಲ್ಕನೆಯದು, ಹೆಸರಿನ ಮಾತು. 'ನಿಮ್ಮ ಹೆಸರಿನಲ್ಲಿ ಆಗದಿದ್ದರೆ ತಮ್ಮನ ಹೆಸರಿನಲ್ಲಿ ಮಾಡೋಣ' ಎನ್ನುವವರಿದ್ದಾರೆ. ಹೆಸರನ್ನು ಎರವಲು ಕೊಡುವುದೆಂದರೆ ಸಾಲವನ್ನೇ ಹೊರುವುದು. ಕಂತು ತಪ್ಪಿದರೆ ಕೆಡುವುದು ಹೆಸರು ಕೊಟ್ಟವನ ಚರಿತ್ರೆ; ಅದರ ಹಿಂದೆ ಅಣ್ಣತಂಗಿಯರ ಸಂಬಂಧವೂ ಕೆಡುತ್ತದೆ.

ಐದನೆಯದು, ತೊಂದರೆಯಾದಾಗ ಹೇಳಿಕೊಳ್ಳುವ ಸ್ಥಳ. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. 30 ದಿನಗಳೊಳಗೆ ತೃಪ್ತಿಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆಗೆ ಮೊರೆಹೋಗಬಹುದು. 14448 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಬಹುದು. ಬಲಾತ್ಕಾರದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹತ್ತು ವರ್ಷಗಳವರೆಗಿನ ಸೆರೆವಾಸ ಹಾಗೂ ಐದು ಲಕ್ಷದವರೆಗಿನ ದಂಡವನ್ನು ಅದು ವಿಧಿಸಿತು. ಮನೆಯ ಮುಂದೆ ನಿಂತು ಮಾನ ಕಳೆಯುವ ಅಧಿಕಾರ ಯಾವ ಸಾಲಿಗನಿಗೂ ಇಲ್ಲವೆಂಬುದನ್ನು ನಮ್ಮ ತಾಯಂದಿರು ದೃಢವಾಗಿ ನಂಬಬೇಕು. ಭಯಕ್ಕಾಗಿ ಪ್ರಾಣ ಕಳೆದುಕೊಳ್ಳುವಷ್ಟು ದೊಡ್ಡ ಸಾಲ ಜಗತ್ತಿನಲ್ಲಿ ಇಲ್ಲ.

ಪತ್ತು ಎಂದರೆ ನಂಬಿಕೆ

ನಮ್ಮ ಭಾಗದಲ್ಲಿ ಪತ್ತಿನ ಸಹಕಾರಿ ಸಂಘಗಳಿಗೆ ಕೊರತೆಯಿಲ್ಲ. 'ಪತ್ತು' ಎಂದರೆ ವಿಶ್ವಾಸ, ಮಾತಿನ ತೂಕ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ನೆರೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹಳ್ಳಿಗಳಿಗೆ ಬೆಳಕನ್ನೇ ಹಂಚಿತು. ಬೆಳಕನ್ನು ಕೂಡಿ ತಂದ ಜನರಿಗೆ ಒಂದು ಔಷಧದ ಪೆಟ್ಟಿಗೆಯನ್ನು ಕೂಡಿ ತರುವುದು ಅಸಾಧ್ಯವೇ?

ಸಂಘಗಳ ಆಡಳಿತ ಮಂಡಳಿಯವರಲ್ಲಿ ನಮ್ಮ ವಿನಂತಿ ಇದು. ಮನೆಯಲ್ಲಿ ಆರೈಕೆ ಮಾಡುವವರಿಗಾಗಿ ಹತ್ತು ಹದಿನೈದು ಸಾವಿರದ ಒಂದು ಸಣ್ಣ ಸಾಲವನ್ನು ನಿಮ್ಮ ನಿಯಮಗಳಲ್ಲಿ ಸೇರಿಸಿರಿ. ಕಂತಿನ ದಿನವನ್ನು ಮಾಸಾಶನ ಜಮೆಯಾದ ದಿನದ ನಂತರಕ್ಕೆ ಇಡಿರಿ. ಸರ್ಕಾರದ ಹಣ ತಡವಾದ ತಿಂಗಳಿಗೆ ದಂಡ ಬೇಡ. ಉದ್ಯೋಗದ ಅಂಕಣದಲ್ಲಿ 'ಆರೈಕೆ' ಎಂಬ ಒಂದು ಪದವನ್ನು ಅಚ್ಚುಹಾಕಿಸಿರಿ. ಅಂಗಡಿಕಾರರಿಗೂ ಒಂದು ಮಾತು: ನಿಮ್ಮ ಅಂಗಡಿಯಲ್ಲಿ ಕುಳಿತವರು ಸುಳ್ಳು ಬರೆಸದಂತೆ ನೋಡಿಕೊಳ್ಳುವುದು ನಿಮ್ಮ ಪತ್ತಿನ ರಕ್ಷಣೆಯೇ ಆಗಿದೆ.

ಹಣ ಕೂಡುವವರೆಗೆ ಔಷಧದ ಗತಿಯೇನೆಂಬ ಪ್ರಶ್ನೆ ಉಳಿಯುತ್ತದೆ. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿದರೂ ಕೆಡುತ್ತದೆ. ತೆರೆದು ಬಳಸುತ್ತಿರುವ ಸೀಸೆ ಮಾತ್ರ ಸಾಮಾನ್ಯ ತಾಪದಲ್ಲಿ ಸುಮಾರು ನಾಲ್ಕು ವಾರ ತಾಳುತ್ತದೆ. ಆದರೆ ನಮ್ಮ ಬೇಸಿಗೆಯ ಬಿಸಿಲು ಆ ಸಾಮಾನ್ಯ ತಾಪವನ್ನು ಮೀರುತ್ತದೆ. ಅದಕ್ಕೆ ಹಿರಿಯರ ಉಪಾಯವೊಂದಿದೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆಯನ್ನಿಟ್ಟು, ನಡುವೆ ಉಸುಕು ತುಂಬಿ ನೀರು ಹನಿಸಿ, ಗಾಳಿಯಾಡುವ ನೆರಳಿನಲ್ಲಿಟ್ಟರೆ ಒಳಗಿನ ತಾಪ ಹೊರಗಿಗಿಂತ ಎಷ್ಟೋ ಇಳಿಯುತ್ತದೆ. ಸೀಸೆಯನ್ನು ನೀರು ತಾಗದಂತೆ ಡಬ್ಬಿಯಲ್ಲಿಡಬೇಕು. ಇದು ಫ್ರಿಜ್ಜಿನಷ್ಟು ತಂಪಲ್ಲ. ಬಳಕೆಯಲ್ಲಿರುವ ಸೀಸೆಗೆ ಮಾತ್ರ ತಕ್ಕದ್ದು. ಒಂದೊಂದೇ ಸೀಸೆಯನ್ನು ತಂದು, ವೈದ್ಯರನ್ನು ಕೇಳಿಕೊಂಡು ಹೀಗೆ ಮಾಡಬಹುದು.

ನಾಗನೂರಿನ ಆ ಮನೆಯಲ್ಲಿ ಬೇಸಿಗೆ ಕಳೆದದ್ದು ಹೀಗೆಯೇ. ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ಓಣಿ ಓಣಿಗಳಲ್ಲಿ ಮಹಿಳೆಯರ ಉಳಿತಾಯ ಗುಂಪುಗಳು ಹುಟ್ಟಿಕೊಂಡವಷ್ಟೆ. ಅಂಥದೊಂದು ಗುಂಪಿನವರು ಕುಳಿತು ಮಾತಾಡಿ, ತಮ್ಮ ಉಳಿತಾಯದಿಂದ ಆಕೆಗೆ 6,000 ರೂಪಾಯಿ ಕೊಟ್ಟರು. ಕಟ್ಟುವ ದಿನವನ್ನು 'ಗೃಹಲಕ್ಷ್ಮಿ ಬಂದ ವಾರ' ಎಂದು ಬರೆದುಕೊಂಡರು. ಉಳಿದುದನ್ನು ಆಕೆ ದೀಪಾವಳಿಯವರೆಗೆ ಕೂಡಿಟ್ಟು, ನಗದು ಕೊಟ್ಟು, ರಿಯಾಯಿತಿಯ ಬೆಲೆಗೇ ಫ್ರಿಜ್ ತಂದಳು. ಆರೈಕೆಯ ಪ್ರೋತ್ಸಾಹಧನಕ್ಕೂ ಅರ್ಜಿ ಹೋಗಿದೆ. ಅರ್ಜಿ ತುಂಬಲು ಬಂದ ಕಾರ್ಯಕರ್ತೆ ಕೆಲಸವೇನೆಂದು ಕೇಳಿದಾಗ ಆಕೆ ಮಗನ ಕಡೆ ಕೈಮಾಡಿದಳಂತೆ. ಕಾರ್ಯಕರ್ತೆ ಮರುಮಾತಿಲ್ಲದೆ 'ಆರೈಕೆ' ಎಂದು ಬರೆದುಕೊಂಡಳು.

ಒಂದು ಕಾಗದದಲ್ಲಾದರೂ ಆ ಪದ ಬಿದ್ದಿತು. ಉಳಿದ ಕಾಗದಗಳಲ್ಲಿಯೂ ಬೀಳುವಂತೆ ಮಾಡುವುದು ಸಂಘಗಳಲ್ಲಿ, ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕುಳಿತಿರುವ ನಮ್ಮ ಓದುಗ ಬಾಂಧವರ ಕೈಯಲ್ಲಿದೆ.